ಹಳೆಯ ಮೋಟಾರು ಬಂಡಿಯ ಇಗ್ನಿಷನ್ ಕಾಯಿಲು: ಅದನ್ನು ಆರಿಸುವ ಮತ್ತು ತಂತಿ ಜೋಡಿಸುವ ಕ್ರಮ

(ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ತಿಳಿವಳಿಕೆಗಾಗಿ)

೧. ಪೀಠಿಕೆ

ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಣ ಗ್ರಾಮಗಳಲ್ಲಿ, ಹಿಂದೆ ಪಟೇಲಿಕೆ ಶಾನುಭೋಗಿಕೆಗಳನ್ನು ನಡೆಸಿದ ಕೆಲವು ಮನೆಗಳ ಕೊಟ್ಟಿಗೆಯ ಮಗ್ಗುಲಲ್ಲಿ ಹಳೆಯ ಮೋಟಾರು ಬಂಡಿಯೊಂದು ಈಗಲೂ ನಿಂತಿರುವುದುಂಟು. ಕೆಲವರು ಅದನ್ನು ಹಿರಿಯರ ನೆನಪಿಗೆಂದು ಇಟ್ಟುಕೊಂಡಿರುವರು. ಕೆಲವರು ಪೆಟ್ರೋಲ್ ಜೀಪಿನಲ್ಲಿ ತೋಟಕ್ಕೆ ಗೊಬ್ಬರವನ್ನೂ ಮೈಲುತುತ್ತದ ದ್ರಾವಣದ ಪೀಪಾಯಿಯನ್ನೂ ಸಾಗಿಸುವರು. ಇಂಥ ಬಂಡಿಯು ದಾರಿಯಲ್ಲಿ ನಿಂತುಹೋದಾಗ ಮೊದಲು ಕೇಳಿಬರುವ ಮಾತು, "ಕಾಯಿಲ್ ಹೋಗಿದೆ" ಎಂಬುದು. ಒಡನೆಯೇ ಅಂಗಡಿಯಲ್ಲಿ ಸಿಕ್ಕಿದ ಕಾಯಿಲನ್ನು ತಂದು ಹಾಕುವರು. ಬಂಡಿಯು ನಾಲ್ಕು ದಿನ ಓಡಿ ಪುನಃ ನಿಲ್ಲುವುದು. ಆಗ ಇನ್ನೊಂದು ಕಾಯಿಲಿಗೆ ಹಣ ತೆರಬೇಕಾಗುವುದು.

ಈ ನಷ್ಟಕ್ಕೆ ಕಾರಣವು ಎರಡು ಬಗೆಯದು. ಕೆಟ್ಟಿರುವುದು ಕಾಯಿಲೇ ಹೌದೋ ಅಲ್ಲವೋ ಎಂದು ಅಳೆದು ನೋಡದಿರುವುದು ಒಂದು. ಹೊಸ ಕಾಯಿಲು ಆ ಬಂಡಿಗೆ ಹೊಂದುವುದೋ ಇಲ್ಲವೋ ಎಂದು ವಿಚಾರಿಸದಿರುವುದು ಇನ್ನೊಂದು. ಈ ಎರಡನ್ನೂ ಗ್ರಾಮದಲ್ಲಿಯೇ, ಸ್ವಲ್ಪ ಖರ್ಚಿನ ಸಲಕರಣೆಯಿಂದ ತಿಳಿಯಬಹುದು. ಅದರ ವಿವರವನ್ನು ಈ ಕರಪತ್ರದಲ್ಲಿ ಕೊಡಲಾಗಿದೆ.

ಮೊದಲೇ ಒಂದು ಮಾತು. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯು ಗಾಳಿಯ ಒತ್ತಡದ ಕಾವಿನಿಂದಲೇ ಹೊತ್ತಿಕೊಳ್ಳುವುದರಿಂದ ಅದಕ್ಕೆ ಇಗ್ನಿಷನ್ ಕಾಯಿಲು ಇರುವುದಿಲ್ಲ. ಹಳೆಯ ಜೀಪಿಗೆ ಡೀಸೆಲ್ ಎಂಜಿನ್ನನ್ನು ಕೂರಿಸಿಕೊಂಡವರಿಗೆ ಈ ವಿಷಯವು ಅನ್ವಯಿಸುವುದಿಲ್ಲ.

೨. ನಮ್ಮ ಸೀಮೆಯಲ್ಲಿ ಈ ತೊಡಕು ಏಕೆ ಹೆಚ್ಚು

ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರಿದ್ದಿತು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸವು ೧೯೧೮ರಲ್ಲಿ ಅಲ್ಲಿ ಆರಂಭವಾಗಿ, ೧೯೨೩ರಲ್ಲಿ ಕಬ್ಬಿಣವು ಹೊರಬಂದಿತು. ಕಾರ್ಖಾನೆಯ ಕಡೆಗೆ ಹೊಸ ಬಡಾವಣೆಯು ಬೆಳೆದ ಮೇಲೆ ಮೊದಲಿನ ಊರಿಗೆ ಓಲ್ಡ್ ಟೌನ್, ಅಂದರೆ ಹಳೇನಗರ, ಎಂಬ ಹೆಸರು ನಿಂತಿತು. ಯಂತ್ರದ ಕೆಲಸ ಬಲ್ಲವರು ಈ ಊರಿನಲ್ಲಿ ನೆಲೆಸಿದರು. ಆದರೆ ಮೋಟಾರು ಬಂಡಿಗಳು ಮಾತ್ರ ಬೇರೆ ಬೇರೆ ದೇಶಗಳ ಮಾದರಿಗಳಾಗಿದ್ದವು. ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ತಯಾರಿಕೆಯ ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು ೧೯೩೦ರ ದಶಕದಲ್ಲಿ ಬಹಳವಾಗಿ ಪ್ರಯತ್ನಿಸಿದರು. ಮೈಸೂರು ಸೀಮೆಯಲ್ಲಿ ಅದು ಕೈಗೂಡಲಿಲ್ಲ.

ಆದುದರಿಂದ ಇಲ್ಲಿಯ ಕೊಟ್ಟಿಗೆಗಳಲ್ಲಿ ಅಮೆರಿಕದ, ಇಂಗ್ಲೆಂಡಿನ ಮತ್ತು ಇಟಲಿಯ ಮಾದರಿಯ ಬಂಡಿಗಳು ಕಾಣುವುವು. ಪ್ರತಿಯೊಂದು ದೇಶದ ಎಂಜಿನಿಯರುಗಳೂ ತಮ್ಮದೇ ವಿದ್ಯುತ್ ಪದ್ಧತಿಯನ್ನು ಅನುಸರಿಸಿದರು. ಒಬ್ಬರ ಮನೆಯ ಬಂಡಿಗೆ ಹೊಂದಿದ ಕಾಯಿಲು ಪಕ್ಕದ ಮನೆಯ ಬಂಡಿಗೆ ಹೊಂದದಿರುವುದಕ್ಕೆ ಇದೇ ಕಾರಣ. ಕಾಯಿಲುಗಳೆಲ್ಲವೂ ಹೊರನೋಟಕ್ಕೆ ಒಂದೇ ಬಗೆಯ ಡಬ್ಬಿಗಳಾಗಿರುವುದರಿಂದ ಮೋಸಹೋಗುವುದು ಬಹು ಸುಲಭ.

೩. ಕಾಯಿಲಿನ ಕೆಲಸ

ಪೆಟ್ರೋಲ್ ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿಯೂ ಗಾಳಿಯೂ ಸೇರಿದ ಮಿಶ್ರಣವನ್ನು ಸ್ಪಾರ್ಕ್ ಪ್ಲಗ್ಗಿನ ಕಿಡಿಯು ಹೊತ್ತಿಸುವುದು. ಒತ್ತಡದಲ್ಲಿರುವ ಮಿಶ್ರಣದ ನಡುವೆ ಕಿಡಿಯು ಹಾರಬೇಕಾದರೆ ಹತ್ತು ಸಾವಿರ ವೋಲ್ಟಿಗೆ ಹೆಚ್ಚಿನ ಒತ್ತಡದ ವಿದ್ಯುತ್ತು ಬೇಕಾಗಬಹುದು. ಬ್ಯಾಟರಿಯು ಕೊಡುವುದಾದರೋ ೬ ಅಥವಾ ೧೨ ವೋಲ್ಟು ಮಾತ್ರ. ಈ ಅಲ್ಪವನ್ನು ಆ ಅಧಿಕಕ್ಕೆ ಏರಿಸುವ ಸಾಧನವೇ ಕಾಯಿಲು.

ಕಾಯಿಲಿನ ಒಳಗೆ ತೆಳುವಾದ ಕಬ್ಬಿಣದ ಪಟ್ಟಿಗಳ ತಿರುಳಿದ್ದು, ಅದರ ಸುತ್ತ ಎರಡು ಸುರುಳಿಗಳಿರುವುವು. ದಪ್ಪ ತಾಮ್ರದ ತಂತಿಯ ಕೆಲವು ನೂರು ಸುತ್ತುಗಳು ಒಂದು. ಕೂದಲಿನಷ್ಟು ತೆಳುವಾದ ತಂತಿಯ ಸುಮಾರು ಇಪ್ಪತ್ತು ಸಾವಿರ ಸುತ್ತುಗಳು ಇನ್ನೊಂದು. ಮೊದಲನೆಯದನ್ನು ಪ್ರಾಥಮಿಕ ಸುರುಳಿಯೆಂದೂ ಎರಡನೆಯದನ್ನು ದ್ವಿತೀಯ ಸುರುಳಿಯೆಂದೂ ಕರೆಯುವರು. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಕೂಡಿಕೊಂಡಿರುವಾಗ ಬ್ಯಾಟರಿಯ ವಿದ್ಯುತ್ತು ಪ್ರಾಥಮಿಕ ಸುರುಳಿಯಲ್ಲಿ ಹರಿದು ತಿರುಳನ್ನು ಅಯಸ್ಕಾಂತವನ್ನಾಗಿ ಮಾಡುವುದು. ಪಾಯಿಂಟುಗಳು ಬಿಚ್ಚಿಕೊಂಡ ಕ್ಷಣದಲ್ಲಿ ಹರಿವು ಕಡಿದು, ಅಯಸ್ಕಾಂತ ಶಕ್ತಿಯು ಕುಸಿದು, ದ್ವಿತೀಯ ಸುರುಳಿಯಲ್ಲಿ ಭಾರಿ ಒತ್ತಡವು ಹುಟ್ಟುವುದು.

ರೈತರಿಗೆ ಇದರ ಹೋಲಿಕೆಯು ಹೊಸದಲ್ಲ. ಪಂಪುಸೆಟ್ಟಿನ ಉದ್ದನೆಯ ಕೊಳವೆಯಲ್ಲಿ ನೀರು ರಭಸದಿಂದ ಹರಿಯುತ್ತಿರುವಾಗ ತುದಿಯ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಕೊಳವೆಯು ದಡ್ಡೆಂದು ಒದೆಯುವುದು. ಹರಿಯುವ ನೀರಿನ ಒತ್ತಡಕ್ಕಿಂತ ಆ ಒದೆತದ ಒತ್ತಡವು ಎಷ್ಟೋ ಪಾಲು ಹೆಚ್ಚು. ವಾಲ್ವನ್ನು ಮೆಲ್ಲನೆ ಮುಚ್ಚಿದರೆ ಒದೆತವಿರುವುದಿಲ್ಲ. ಹಾಗೆಯೇ ಪಾಯಿಂಟುಗಳು ಥಟ್ಟನೆ ಹರಿವನ್ನು ಕಡಿದರೆ ಮಾತ್ರ ಒಳ್ಳೆಯ ಕಿಡಿ ಬರುವುದು. ಪಾಯಿಂಟುಗಳ ನಡುವೆಯೇ ವಿದ್ಯುತ್ತು ಉರಿಯುತ್ತಾ ಹರಿದರೆ ಕಡಿತವು ಸಾವಕಾಶವಾಗಿ ಕಿಡಿಯು ಸಾಯುವುದು. ಇದನ್ನು ತಡೆಯುವುದಕ್ಕಾಗಿಯೇ ಪಾಯಿಂಟುಗಳ ಮಗ್ಗುಲಲ್ಲಿ ಕಂಡೆನ್ಸರನ್ನು ಇಟ್ಟಿರುವರು.

ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವಾಗ ಈ ಕೂಡುವ ಬಿಚ್ಚುವ ಕೆಲಸವು ಸೆಕೆಂಡಿಗೆ ೧೦೦ ಬಾರಿ ನಡೆಯುವುದು. ಇಷ್ಟು ವೇಗದ ಕೆಲಸದಲ್ಲಿ ಸ್ವಲ್ಪ ಹೊಂದದ ಭಾಗವೂ ಬೇಗನೆ ಹಾಳಾಗುವುದು ಸಹಜ.

ಮೊದಲ ಮೋಟಾರುಗಳಲ್ಲಿ ಹೆಚ್ಚಾಗಿ ಮ್ಯಾಗ್ನೆಟೋ ಇರುತ್ತಿದ್ದಿತು. ಸೀಮೆಎಣ್ಣೆಯ ಹಳೆಯ ಪಂಪುಸೆಟ್ಟುಗಳಲ್ಲಿಯೂ ಅದೇ. ಅದಕ್ಕೆ ಬ್ಯಾಟರಿಯು ಬೇಡ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ರೂಪಿಸಿದ ಬ್ಯಾಟರಿ ಮತ್ತು ಕಾಯಿಲಿನ ಪದ್ಧತಿಯು ೧೯೧೦ರ ಸುಮಾರಿಗೆ ಕ್ಯಾಡಿಲಾಕ್ ಬಂಡಿಗಳಲ್ಲಿ ಬಂದು, ಅನಂತರ ಲೋಕದಲ್ಲೆಲ್ಲಾ ಹರಡಿತು. ೧೯೦೮ರಿಂದ ೧೯೨೭ರ ವರೆಗೆ ತಯಾರಾದ ಫೋರ್ಡ್ ಟಿ ಮಾದರಿಯಲ್ಲಿ ಮಾತ್ರ ಸಿಲಿಂಡರಿಗೊಂದರಂತೆ ಮರದ ಪೆಟ್ಟಿಗೆಯ ನಾಲ್ಕು ಕಾಯಿಲುಗಳಿದ್ದುವು. ಅವುಗಳ ರಿಪೇರಿಯೇ ಬೇರೆ; ಈ ಕರಪತ್ರದ ಸೂಚನೆಗಳನ್ನು ಅವಕ್ಕೆ ಬಳಸಕೂಡದು.

೪. ಮೊದಲು ತಿಳಿಯತಕ್ಕ ಎರಡು ಸಂಗತಿಗಳು

ಅಂಗಡಿಗೆ ಹೋಗುವುದಕ್ಕೆ ಮುಂಚೆ ಬಂಡಿಯ ವೋಲ್ಟೇಜನ್ನೂ ಅರ್ಥಿಂಗನ್ನೂ ಕಣ್ಣಾರೆ ನೋಡಿ ಬರೆದಿಟ್ಟುಕೊಳ್ಳತಕ್ಕದ್ದು.

(ಅ) ವೋಲ್ಟೇಜು. ನೀರು ಹಾಕುವ ಬ್ಯಾಟರಿಯ ಬಿರಡೆಗಳನ್ನು ಎಣಿಸಬೇಕು. ಮೂರು ಬಿರಡೆಗಳಿದ್ದರೆ ೬ ವೋಲ್ಟು. ಆರು ಇದ್ದರೆ ೧೨ ವೋಲ್ಟು. ಎರಡನೆಯ ಮಹಾಯುದ್ಧ ಕಾಲದ ವಿಲ್ಲಿಸ್ ಮತ್ತು ಫೋರ್ಡ್ ಜೀಪುಗಳು ೬ ವೋಲ್ಟಿನವು. ಅಮೆರಿಕದ ಷೆವರ್ಲೆ ಬಂಡಿಗಳು ೧೯೫೪ರ ವರೆಗೂ, ಫೋರ್ಡ್ ಬಂಡಿಗಳು ೧೯೫೫ರ ವರೆಗೂ ೬ ವೋಲ್ಟಿನಲ್ಲಿದ್ದು, ಮರುವರ್ಷದ ಮಾದರಿಯಿಂದ ೧೨ ವೋಲ್ಟಿಗೆ ಬಂದುವು. ೧೯೫೭ರಿಂದ ೨೦೧೪ರ ವರೆಗೆ ತಯಾರಾದ ಅಂಬಾಸಡರ್ ಬಂಡಿಯೂ, ಫಿಯಟ್ ೧೧೦೦ ಮತ್ತು ಅದರ ಸಂತತಿಯಾದ ಪ್ರೀಮಿಯರ್ ಪದ್ಮಿನಿಯೂ ೧೨ ವೋಲ್ಟಿನವು. ಆದರೆ ಹಿಂದಿನ ಮಾಲೀಕರು ೬ ವೋಲ್ಟಿನ ಜೀಪನ್ನು ೧೨ಕ್ಕೆ ಬದಲಾಯಿಸಿರುವುದು ಹೆಚ್ಚಾಗಿ ಕಂಡುಬರುವುದು. ಆದ್ದರಿಂದ ಪುಸ್ತಕದಲ್ಲಿರುವುದಕ್ಕಿಂತ ಬಂಡಿಯಲ್ಲಿರುವುದೇ ಪ್ರಮಾಣ.

(ಆ) ಅರ್ಥಿಂಗು. ಬ್ಯಾಟರಿಯ ಒಂದು ಕಂಬದಿಂದ ದಪ್ಪ ಕೇಬಲು ನೇರವಾಗಿ ಬಂಡಿಯ ಕಬ್ಬಿಣದ ಮೈಗೆ ಹೋಗಿರುವುದು. ಆ ಕಂಬವು ಋಣ (−) ಆಗಿದ್ದರೆ ಋಣ ಅರ್ಥಿಂಗು. ಧನ (+) ಆಗಿದ್ದರೆ ಧನ ಅರ್ಥಿಂಗು. ವಿಲ್ಲಿಸ್ ಜೀಪು, ಷೆವರ್ಲೆ, ಫಿಯಟ್ಟುಗಳು ಋಣ ಅರ್ಥಿಂಗಿನವು. ಆಗಿನ ಫೋರ್ಡ್ ಕಾರುಗಳೂ, ಇಂಗ್ಲೆಂಡಿನ ಹೆಚ್ಚಿನ ಬಂಡಿಗಳೂ ಧನ ಅರ್ಥಿಂಗಿನವು. ಅಂಬಾಸಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಬಂಡಿಯೂ ಧನ ಅರ್ಥಿಂಗಿನದೇ. ಇಂಗ್ಲೆಂಡಿನ ತಯಾರಕರು ೧೯೬೦ರ ದಶಕದಲ್ಲಿ ಋಣ ಅರ್ಥಿಂಗಿಗೆ ತಿರುಗಿದರು.

ಕಾರಣವಿಲ್ಲದೆ ಅರ್ಥಿಂಗನ್ನು ಬದಲಿಸಕೂಡದು. ಬದಲಿಸಿದರೆ ಕಾಯಿಲಿನ ತಂತಿಗಳನ್ನು ಅದಲುಬದಲು ಮಾಡುವುದಲ್ಲದೆ, ಡೈನಮೋವನ್ನು ಹೊಸ ದಿಕ್ಕಿಗೆ ಒಗ್ಗಿಸುವ ಕೆಲಸವನ್ನೂ ಬಲ್ಲವರಿಂದ ಮಾಡಿಸಬೇಕಾಗುವುದು.

೫. ಕಾಯಿಲನ್ನು ಆರಿಸುವ ಕ್ರಮ

ಕಾಯಿಲಿನ ಗುಣವನ್ನು ತಿಳಿಸುವ ಮುಖ್ಯ ಅಂಕಿಯು ಪ್ರಾಥಮಿಕ ಸುರುಳಿಯ ತಡೆ, ಅಂದರೆ ಓಂ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಹರಿಯುವ ವಿದ್ಯುತ್ತಿನ ಪ್ರಮಾಣವು ಆಂಪಿಯರಿನಲ್ಲಿ ದೊರೆಯುವುದು. ಪಾಯಿಂಟುಗಳು ಸುಮಾರು ೪ ಆಂಪಿಯರನ್ನು ಬಹುಕಾಲ ತಾಳಿಕೊಳ್ಳಬಲ್ಲವು. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಯ್ಕೆಯು ತಾನಾಗಿಯೇ ತಿಳಿಯುವುದು. ಸ್ಥೂಲವಾದ ಲೆಕ್ಕವನ್ನು ಕೆಳಗೆ ಕೊಟ್ಟಿದೆ.

೬ ವೋಲ್ಟು, ೧.೫ ಓಮಿನ ಕಾಯಿಲು: ೪ ಆಂಪಿಯರ್. ಸರಿಯಾದುದು.

೧೨ ವೋಲ್ಟು, ೩ ಓಮಿನ ಕಾಯಿಲು: ೪ ಆಂಪಿಯರ್. ಸರಿಯಾದುದು.

೧೨ ವೋಲ್ಟು, ೧.೫ ಓಮಿನ ಕಾಯಿಲು, ಹೊರಗೆ ೧.೫ ಓಮಿನ ಬ್ಯಾಲಸ್ಟ್ ರೆಸಿಸ್ಟರ್: ೪ ಆಂಪಿಯರ್. ಸರಿಯಾದುದು.

೧೨ ವೋಲ್ಟು, ೧.೫ ಓಮಿನ ಕಾಯಿಲು, ರೆಸಿಸ್ಟರ್ ಇಲ್ಲದೆ: ೮ ಆಂಪಿಯರ್. ಪಾಯಿಂಟುಗಳು ಸುಡುವುವು, ಕಾಯಿಲು ಮಿತಿಮೀರಿ ಕಾಯುವುದು.

೧೨ ವೋಲ್ಟು, ಎಲೆಕ್ಟ್ರಾನಿಕ್ ಬಂಡಿಗಳ ೦.೬ ಓಮಿನ ಕಾಯಿಲು: ೨೦ ಆಂಪಿಯರ್. ಪಾಯಿಂಟುಗಳಿರುವ ಬಂಡಿಗೆ ಎಂದಿಗೂ ಹಾಕಕೂಡದು.

೬ ವೋಲ್ಟು, ೩ ಓಮಿನ ಕಾಯಿಲು: ೨ ಆಂಪಿಯರ್ ಮಾತ್ರ. ಕಿಡಿಯು ಸಾಲದು.

ಕೊನೆಯ ಸಾಲನ್ನು ಕುರಿತು ವಿವರಣೆ ಅವಶ್ಯ. ಹರಿವು ಅರ್ಧವಾದರೆ ಕಾಯಿಲಿನಲ್ಲಿ ಕೂಡಿಡುವ ಶಕ್ತಿಯು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುವುದು. ಅಂಥ ಬಂಡಿಯು ಬಯಲಿನಲ್ಲಿ ಹೇಗೋ ಓಡಿ, ಹೇರು ಹೊತ್ತು ಏರು ಹತ್ತುವಾಗ ಕೆಮ್ಮಿ ನಿಲ್ಲುವುದು. ಮಾಲೀಕನು ಪೆಟ್ರೋಲಿನ ದೋಷವೆಂದು ಕಾರ್ಬುರೇಟರನ್ನು ಬಿಚ್ಚಿಸುವನು.

ಬ್ಯಾಲಸ್ಟ್ ರೆಸಿಸ್ಟರಿನ ಉದ್ದೇಶವನ್ನು ಅರಿಯದೆ ಅದನ್ನು ಕಿತ್ತುಹಾಕುವವರುಂಟು. ಸೆಲ್ಫ್ ಸ್ಟಾರ್ಟರು ತಿರುಗುವಾಗ ೧೨ ವೋಲ್ಟಿನ ಬ್ಯಾಟರಿಯು ೯ ಅಥವಾ ೧೦ ವೋಲ್ಟಿಗೆ ಕುಗ್ಗುವುದು. ಆ ಹೊತ್ತಿನಲ್ಲಿ ಮಾತ್ರ ರೆಸಿಸ್ಟರನ್ನು ಬಳಸಿಕೊಂಡು ಹೋಗದೆ ಬೇರೊಂದು ತಂತಿಯ ಮೂಲಕ ಕಾಯಿಲಿಗೆ ನೇರವಾಗಿ ವಿದ್ಯುತ್ತು ಒದಗುವಂತೆ ಮಾಡಿ, ಎಂಜಿನ್ನು ಹಿಡಿದ ಮೇಲೆ ರೆಸಿಸ್ಟರಿನ ಮೂಲಕ ಹರಿಸುವರು. ಚಳಿಗಾಲದ ಮುಂಜಾನೆ ಎಂಜಿನ್ನು ಬೇಗ ಹಿಡಿಯುವುದೇ ಇದರ ಲಾಭ. ಕೆಲವು ಬಂಡಿಗಳಲ್ಲಿ ರೆಸಿಸ್ಟರು ಪಿಂಗಾಣಿಯ ತುಂಡಾಗಿ ಕಣ್ಣಿಗೆ ಕಾಣುವುದು. ಕೆಲವದರಲ್ಲಿ ತಡೆಯುಳ್ಳ ತಂತಿಯೇ ಕಟ್ಟಿನೊಳಗೆ ಅಡಗಿರುವುದು. ಎರಡನೆಯ ಬಗೆಯ ಬಂಡಿಗೆ ೩ ಓಮಿನ ಕಾಯಿಲನ್ನು ಹಾಕಿದರೆ ಒಟ್ಟು ತಡೆಯು ೪.೫ ಓಮಿಗೆ ಏರಿ ಕಿಡಿಯು ಕುಂದುವುದು. ಕಾಯಿಲಿನ ಮೇಲೆ ಹೊರಗಿನ ರೆಸಿಸ್ಟರಿನೊಂದಿಗೆ ಬಳಸತಕ್ಕದ್ದೆಂದು ಮುದ್ರಿಸಿದ್ದರೆ ಅದನ್ನು ಒಂಟಿಯಾಗಿ ಬಳಸಕೂಡದು.

ವೋಲ್ಟಾಗಲಿ ತಯಾರಕರ ಹೆಸರಾಗಲಿ ಇಲ್ಲದ ಕಾಯಿಲನ್ನು ಅಗ್ಗವೆಂದು ಕೊಳ್ಳದಿರುವುದು ಲೇಸು. ಅಧಿಕ ಶಕ್ತಿಯದೆಂದು ಹೊಗಳುವ ಕಾಯಿಲಿನಿಂದ ಹಳೆಯ ಎಂಜಿನ್ನಿಗೆ ವಿಶೇಷ ಪ್ರಯೋಜನವಿಲ್ಲ. ಪ್ಲಗ್ಗಿನ ಬಿರುಕಿಗೆ ಬೇಕಾದಷ್ಟು ಒತ್ತಡ ಬಂದೊಡನೆ ಕಿಡಿ ಹಾರುವುದು. ಕಾಯಿಲಿನ ಮೇಲೆ ಬರೆದ ನಲವತ್ತು ಸಾವಿರ ವೋಲ್ಟು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

೬. ಅಳೆದು ನೋಡುವ ವಿಧಾನ

ಮಲ್ಟಿಮೀಟರು ಈಗ ಸುಲಭ ಬೆಲೆಗೆ ದೊರೆಯುವುದು. ಗ್ರಾಮಕ್ಕೆ ಒಂದಿದ್ದರೂ ಸಾಕು. ಬ್ಯಾಟರಿಯ ಕೇಬಲನ್ನೂ ಕಾಯಿಲಿನ ತಂತಿಗಳನ್ನೂ ಬಿಚ್ಚಿದ ಮೇಲೆ ಅಳೆಯತಕ್ಕದ್ದು.

(ಅ) ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ಗುರುತಿಸಿಕೊಂಡು, ಮುಂದಿನ ಅಳತೆಯಿಂದ ಕಳೆಯಬೇಕು. ಇಲ್ಲವಾದರೆ ೧.೫ ಓಮು ೨ ಓಮಾಗಿ ತೋರಬಹುದು.

(ಆ) ಕಾಯಿಲಿನ ಎರಡು ಸಣ್ಣ ಟರ್ಮಿನಲ್ಲುಗಳ ನಡುವೆ ಅಳೆದರೆ ಪ್ರಾಥಮಿಕ ಸುರುಳಿಯ ತಡೆಯು ತಿಳಿಯುವುದು. ಸುರುಳಿಯು ಕಡಿದಿದ್ದರೆ ಮೀಟರು ಅನಂತವನ್ನು ತೋರಿಸುವುದು.

(ಇ) ಒಂದು ಸಣ್ಣ ಟರ್ಮಿನಲ್ಲಿಗೂ ನಡುವಿನ ದಪ್ಪ ತಂತಿಯ ಗೂಡಿಗೂ ನಡುವೆ ಅಳೆದರೆ ದ್ವಿತೀಯ ಸುರುಳಿಯ ತಡೆಯು ತಿಳಿಯುವುದು. ಸಾಮಾನ್ಯವಾಗಿ ಇದು ೫,೦೦೦ದಿಂದ ೧೫,೦೦೦ ಓಮಿನೊಳಗೆ ಇರುವುದು.

(ಈ) ಸಣ್ಣ ಟರ್ಮಿನಲ್ಲಿಗೂ ಹೊರಗಿನ ಲೋಹದ ಡಬ್ಬಿಗೂ ನಡುವೆ ಯಾವ ಸಂಪರ್ಕವೂ ಇರಕೂಡದು.

ಕಾಯಿಲು ತಣ್ಣಗಿದ್ದಾಗ ಒಮ್ಮೆಯೂ, ಬಂಡಿಯು ಅರ್ಧ ಗಂಟೆ ಓಡಿದ ಮೇಲೆ ಇನ್ನೊಮ್ಮೆಯೂ ಅಳೆಯುವುದು ಉತ್ತಮ. ಕಾವು ಏರಿದಾಗ ತಾಮ್ರದ ತಡೆಯು ಸ್ವಲ್ಪ ಹೆಚ್ಚುವುದು ಸಹಜ. ೫೦ ಡಿಗ್ರಿ ಏರಿದರೆ ಐದನೆಯ ಒಂದು ಪಾಲಿನಷ್ಟು ಹೆಚ್ಚಬಹುದು. ಅದಕ್ಕಿಂತ ಬಹಳವಾಗಿ ಏರಿದರೆ ಅಥವಾ ಅನಂತವಾದರೆ ಕಾಯಿಲು ನಿಜವಾಗಿಯೂ ಕೆಟ್ಟಿರುವುದು.

೭. ತಂತಿಯನ್ನು ಜೋಡಿಸುವ ಕ್ರಮ

ಹಳೆಯ ತಂತಿಗಳನ್ನು ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಚೀಟಿ ಕಟ್ಟತಕ್ಕದ್ದು. ಬಳಿಕ ಮುಂದೆ ಹೇಳಿದಂತೆ ಜೋಡಿಸಬೇಕು.

ಋಣ ಅರ್ಥಿಂಗಿನ ಬಂಡಿಯಲ್ಲಿ: ಇಗ್ನಿಷನ್ ಸ್ವಿಚ್ಚಿನಿಂದ ಬರುವ ತಂತಿಯು ಕಾಯಿಲಿನ ಧನ (+) ಟರ್ಮಿನಲ್ಲಿಗೆ, ಡಿಸ್ಟ್ರಿಬ್ಯೂಟರಿನ ತಂತಿಯು ಋಣ (−) ಟರ್ಮಿನಲ್ಲಿಗೆ.

ಧನ ಅರ್ಥಿಂಗಿನ ಬಂಡಿಯಲ್ಲಿ: ಸ್ವಿಚ್ಚಿನ ತಂತಿಯು ಋಣ (−) ಟರ್ಮಿನಲ್ಲಿಗೆ, ಡಿಸ್ಟ್ರಿಬ್ಯೂಟರಿನ ತಂತಿಯು ಧನ (+) ಟರ್ಮಿನಲ್ಲಿಗೆ.

ಇಂಗ್ಲೆಂಡಿನ ಹಳೆಯ ಕಾಯಿಲುಗಳ ಮೇಲೆ ಧನ ಋಣಗಳಿಗೆ ಬದಲಾಗಿ ಎಸ್‌.ಡಬ್ಲ್ಯು. ಮತ್ತು ಸಿ.ಬಿ. ಎಂಬ ಅಕ್ಷರಗಳಿರುವುವು. ಎಸ್‌.ಡಬ್ಲ್ಯು. ಎಂಬುದು ಸ್ವಿಚ್ಚಿನ ಕಡೆ, ಸಿ.ಬಿ. ಎಂಬುದು ಪಾಯಿಂಟಿನ ಕಡೆ. ಇವು ಧನ ಅರ್ಥಿಂಗಿನ ಕಾಲದವಾದುದರಿಂದ, ಬಂಡಿಯನ್ನು ಋಣ ಅರ್ಥಿಂಗಿಗೆ ಬದಲಿಸಿದ್ದರೆ ಆ ಎರಡು ತಂತಿಗಳನ್ನು ಅದಲುಬದಲು ಮಾಡತಕ್ಕದ್ದು. ಜರ್ಮನಿಯ ಮಾದರಿಯ ಕಾಯಿಲುಗಳಲ್ಲಿ ೧೫ ಎಂಬುದು ಸ್ವಿಚ್ಚಿನ ಕಡೆ, ೧ ಎಂಬುದು ಡಿಸ್ಟ್ರಿಬ್ಯೂಟರಿನ ಕಡೆ, ೪ ಎಂಬುದು ದಪ್ಪ ತಂತಿಯ ಗೂಡು.

ತಂತಿಗಳು ತಿರುಗುಮುರುಗಾಗಿದ್ದರೂ ಎಂಜಿನ್ನು ಓಡುವುದು. ಆದುದರಿಂದಲೇ ಈ ದೋಷವು ವರ್ಷಗಟ್ಟಲೆ ತಿಳಿಯದೆ ಉಳಿಯುವುದು. ಸ್ಪಾರ್ಕ್ ಪ್ಲಗ್ಗಿನ ನಡುಗಡ್ಡಿಯು ಹೊರಗಡ್ಡಿಗಿಂತ ಹೆಚ್ಚು ಕಾದಿರುವುದು. ಕಾದ ಕಡ್ಡಿಯು ಋಣವಾಗಿದ್ದರೆ ಕಿಡಿಯು ಸುಲಭವಾಗಿ ಹಾರುವುದು. ಧನವಾಗಿದ್ದರೆ ಹೆಚ್ಚು ಒತ್ತಡವು ಬೇಕಾಗುವುದು. ಕಾಯಿಲು ಹೊಸದಾಗಿರುವಾಗ ಈ ಹೆಚ್ಚಿನ ಒತ್ತಡವನ್ನು ಕೊಡಬಲ್ಲದು. ಬ್ಯಾಟರಿ ಕುಗ್ಗಿದ ದಿನ, ಏರು ಹತ್ತುವ ಹೊತ್ತಿನಲ್ಲಿ ಕೊಡಲಾರದು. ಬಹುಕಾಲ ಓಡಿದ ಪ್ಲಗ್ಗನ್ನು ಬಿಚ್ಚಿ ನೋಡಿದಾಗ ನಡುಗಡ್ಡಿಗೆ ಬದಲಾಗಿ ಹೊರಗಡ್ಡಿಯ ಒಳಮುಖವು ತಟ್ಟೆಯಂತೆ ತಗ್ಗಾಗಿದ್ದರೆ ತಂತಿಗಳು ತಿರುಗುಮುರುಗಾಗಿರುವುವೆಂದು ಶಂಕಿಸತಕ್ಕದ್ದು.

ತಂತಿಯ ವಿಷಯದಲ್ಲಿ ಈ ನಿಯಮಗಳನ್ನು ಪಾಲಿಸಬೇಕು. ಮನೆಯ ದೀಪಕ್ಕೆ ಹಾಕುವ ಒಂಟಿ ಎಳೆಯ ಗಡಸು ತಂತಿಯು ಎಂಜಿನ್ನಿನ ನಡುಕಕ್ಕೆ ಮುರಿಯುವುದು. ಅನೇಕ ಎಳೆಗಳ, ಮೋಟಾರಿಗೆಂದೇ ಮಾಡಿದ, ೧.೫ರಿಂದ ೨.೫ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಬಳಸಬೇಕು. ಎಳೆಗಳನ್ನು ತಿರುಚಿ ಟೇಪು ಸುತ್ತಿದ ಗಂಟುಗಳು ಇರಕೂಡದು. ತುದಿಗೆ ಲಗ್ಗನ್ನು ಒತ್ತಿ ಕೂರಿಸಬೇಕು. ತಗಡಿನ ತೂತಿನ ಮೂಲಕ ತಂತಿ ಹಾಯುವಲ್ಲಿ ರಬ್ಬರಿನ ಬಳೆ ಇರಬೇಕು. ದಪ್ಪ ತಂತಿಯು ಕಾಯಿಲಿನ ಗೂಡಿನಲ್ಲಿ ತಳದ ವರೆಗೆ ಇಳಿದು ಬಿಗಿಯಾಗಿರಬೇಕು. ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥಿಂಗಿನ ಪಟ್ಟಿಯನ್ನು ಬಿಚ್ಚಿ, ತುಕ್ಕನ್ನು ಕೆರೆದು, ಪುನಃ ಬಿಗಿಯಬೇಕು. ಕಾಯಿಲನ್ನು ಹೊಗೆಕೊಳವೆಯಿಂದ ದೂರದಲ್ಲಿ, ಗಾಳಿ ತಾಗುವ ಕಡೆ ಕೂರಿಸತಕ್ಕದ್ದು.

ವಿಲ್ಲಿಸ್ ಜೀಪು, ಅಂಬಾಸಡರ್, ಫಿಯಟ್ ೧೧೦೦ ಈ ಮೂರರಲ್ಲಿಯೂ ಸಿಲಿಂಡರುಗಳು ಹೊತ್ತುವ ಸರದಿಯು ೧-೩-೪-೨. ಯುದ್ಧಕಾಲದ ಜೀಪಿನಲ್ಲಿ ಪಾಯಿಂಟಿನ ಬಿರುಕು ೦.೫ ಮಿಲಿಮೀಟರು, ಅಂದರೆ ೨೦ ಥೌ. ಅಂಬಾಸಡರಿನ ೧,೪೮೯ ಸಿ.ಸಿ. ಎಂಜಿನ್ನಿನಲ್ಲಿ ಸುಮಾರು ೦.೪ ಮಿಲಿಮೀಟರು, ಅಂದರೆ ೧೪ರಿಂದ ೧೬ ಥೌ.

೮. ಬಂಡಿ ನಿಂತಾಗ ನೋಡತಕ್ಕ ಸರದಿ

ಕಾಯಿಲನ್ನು ದೂರುವುದು ಕೊನೆಯ ಕೆಲಸವಾಗಿರಬೇಕು. ಮೊದಲು ಬ್ಯಾಟರಿಯ ಕಂಬಗಳ ಬಿಗಿತವನ್ನು ನೋಡಬೇಕು. ಆಮೇಲೆ ೫ ವ್ಯಾಟಿನ ಸಣ್ಣ ಬಲ್ಬಿಗೆ ಎರಡು ತಂತಿಗಳನ್ನು ಬೆಸೆದು ಮಾಡಿಕೊಂಡ ಪರೀಕ್ಷೆಯ ದೀಪವನ್ನು ತೆಗೆದುಕೊಳ್ಳಬೇಕು. ಬಲ್ಬು ಬಂಡಿಯ ವೋಲ್ಟಿನದೇ ಆಗಿರಬೇಕು. ಒಂದು ತಂತಿಯನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್ಲಿಗೂ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿ, ಪ್ಲಗ್ಗುಗಳನ್ನು ಬಿಚ್ಚಿಟ್ಟು, ಚಾವಿಯನ್ನು ತಿರುಗಿಸಿ, ಇನ್ನೊಬ್ಬರಿಂದ ಎಂಜಿನ್ನನ್ನು ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಬೇಕು.

ದೀಪವು ಹತ್ತಿ ಆರುತ್ತಿದ್ದರೆ ಪ್ರಾಥಮಿಕ ದಾರಿಯೂ ಪಾಯಿಂಟುಗಳೂ ಕೆಲಸ ಮಾಡುತ್ತಿರುವುವು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟುಗಳು ಕೂಡುತ್ತಿಲ್ಲ, ಇಲ್ಲವೆ ಅವುಗಳ ಮುಖಕ್ಕೆ ಕೊಳೆ ಕಟ್ಟಿದೆ, ಇಲ್ಲವೆ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿ ಕಡಿದಿದೆ. ಹತ್ತುವುದೇ ಇಲ್ಲವಾದರೆ ಸ್ವಿಚ್ಚಿನಿಂದ ವಿದ್ಯುತ್ತು ಬರುತ್ತಿಲ್ಲ, ಇಲ್ಲವೆ ಪ್ರಾಥಮಿಕ ಸುರುಳಿ ಕಡಿದಿದೆ, ಇಲ್ಲವೆ ಕಂಡೆನ್ಸರು ಒಳಗೇ ಕೂಡಿಕೊಂಡಿದೆ. ಡಿಸ್ಟ್ರಿಬ್ಯೂಟರಿನ ತಂತಿಯನ್ನು ಕಾಯಿಲಿನಿಂದ ಬಿಚ್ಚಿದೊಡನೆ ದೀಪ ಹತ್ತಿದರೆ ದೋಷವು ಡಿಸ್ಟ್ರಿಬ್ಯೂಟರಿನ ಕಡೆ ಇರುವುದು, ಕಾಯಿಲು ನಿರ್ದೋಷಿ.

ಪಾಯಿಂಟುಗಳ ಮುಖವು ಬೇಗ ಬೇಗನೆ ಕರಿದಾಗಿ ಸುಡುತ್ತಿದ್ದರೆ, ಕಿಡಿಯು ಬಡಕಲಾಗಿ ಹಳದಿಯಾಗಿದ್ದರೆ, ಮೊದಲು ಕಂಡೆನ್ಸರನ್ನು ಬದಲಿಸಿ ನೋಡಬೇಕು. ಅದರ ಬೆಲೆಯು ಕಾಯಿಲಿಗಿಂತ ಬಹಳ ಕಡಮೆ. ಆಮೇಲೆ ಕಾಯಿಲಿನ ಓಮನ್ನು ನೋಡಬೇಕು; ಮೇಲೆ ಹೇಳಿದ ೮ ಆಂಪಿಯರಿನ ಜೋಡಣೆಯಲ್ಲಿಯೂ ಇದೇ ಚಿಹ್ನೆ ಕಾಣುವುದು.

ಬಂಡಿಯು ಕೆಲವು ಮೈಲಿ ಓಡಿ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನೇ ಹೊರಡುವುದು ಎಲ್ಲರನ್ನೂ ದಾರಿತಪ್ಪಿಸುವ ದೋಷ. ಇದು ಕಾಯಿಲಿನದಾಗಿರಬಹುದು, ಕಂಡೆನ್ಸರಿನದಾಗಿರಬಹುದು, ಕೊಳವೆಯಲ್ಲಿ ಪೆಟ್ರೋಲು ಕಾದು ಆವಿಯಾಗಿ ದಾರಿ ಕಟ್ಟಿದುದೂ ಆಗಿರಬಹುದು. ನಿಂತ ಕ್ಷಣದಲ್ಲಿಯೇ, ತಣಿಯಗೊಡದೆ, ಕಿಡಿಯನ್ನು ಪರೀಕ್ಷಿಸಿದರೆ ಮಾತ್ರ ನಿಜಾಂಶ ತಿಳಿಯುವುದು. ಕಿಡಿಯಿದ್ದರೆ ದೋಷವು ಪೆಟ್ರೋಲಿನದು. ಇಲ್ಲದಿದ್ದರೆ ಬಿಸಿಯಾಗಿರುವಾಗಲೇ ಓಮನ್ನು ಅಳೆಯಬೇಕು.

೯. ಮಳೆಗಾಲದ ಜಾಗರೂಕತೆ

ಮಲೆನಾಡಿನ ಮಳೆಯಲ್ಲಿ ಬಂಡಿಗಳು ನಿಲ್ಲುವುದಕ್ಕೆ ತೇವವೇ ಹೆಚ್ಚಿನ ಕಾರಣ. ಕಾಯಿಲಿನ ನೆತ್ತಿಯ ಮೇಲೂ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೂ ತೇವವೂ ಧೂಳೂ ಸೇರಿದರೆ, ಅಧಿಕ ಒತ್ತಡದ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಅದರ ಮೇಲೆಯೇ ಹರಿಯುವುದು. ಹಾಗೆ ಒಮ್ಮೆ ಹರಿದ ಜಾಡಿನಲ್ಲಿ ಕರಿ ಗೆರೆಯೊಂದು ಉಳಿದು, ಮುಂದೆ ಒಣ ಹವೆಯಲ್ಲಿಯೂ ಅದೇ ದಾರಿಯನ್ನು ಹಿಡಿಯುವುದು. ಅಂಥ ಗೆರೆ ಬಿದ್ದ ಮುಚ್ಚಳವನ್ನು ಒರೆಸಿ ಉಪಯೋಗಿಸುವುದರಲ್ಲಿ ಫಲವಿಲ್ಲ, ಬದಲಿಸಬೇಕು. ರಾತ್ರಿ ದೀಪಗಳನ್ನೆಲ್ಲಾ ಆರಿಸಿ ಎಂಜಿನ್ನನ್ನು ಓಡಿಸಿದರೆ ಸೋರುವ ಕಡೆಗಳಲ್ಲಿ ನೀಲಿ ಹೊಳಪು ಕಣ್ಣಿಗೆ ಕಾಣುವುದು.

ಮುಂಗಾರಿಗೆ ಮುಂಚೆ ದಪ್ಪ ತಂತಿಗಳನ್ನು ಪರೀಕ್ಷಿಸಿ, ಬಿರಿದವನ್ನು ಬದಲಿಸಿ, ಕಾಯಿಲಿನ ನೆತ್ತಿಗೆ ರಬ್ಬರಿನ ಟೊಪ್ಪಿಯನ್ನು ಹಾಕಬೇಕು. ಮೈಲುತುತ್ತದ ದ್ರಾವಣವನ್ನು ಸಾಗಿಸುವ ಜೀಪಿನಲ್ಲಿ ಅದು ಚೆಲ್ಲಿದ ಕಡೆ ಕಬ್ಬಿಣದ ನಟ್ಟು ಬೋಲ್ಟುಗಳು ಬೇಗನೆ ತಿಂದುಹೋಗುವುವು. ಸಿಂಪರಣೆಯ ಕೆಲಸ ಮುಗಿದ ದಿನವೇ ಅಲ್ಲಿ ಶುದ್ಧ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸತಕ್ಕದ್ದು.

೧೦. ಅಪಾಯಗಳು

ಎಂಜಿನ್ನು ನಿಂತಿರುವಾಗ ಚಾವಿಯನ್ನು ತಿರುಗಿಸಿಯೇ ಬಿಡಕೂಡದು. ಪಾಯಿಂಟುಗಳು ಕೂಡಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲಿನಲ್ಲಿ ವಿದ್ಯುತ್ತು ಬಿಡುವಿಲ್ಲದೆ ಹರಿದು, ಡಬ್ಬಿಯು ಕಾದು, ಒಳಗಿನ ಎಣ್ಣೆಯು ಹೊರಚಿಮ್ಮುವುದು. ಅನೇಕ ಹಳೆಯ ಬಂಡಿಗಳಲ್ಲಿ ಈ ದಾರಿಗೆ ಫ್ಯೂಜು ಇರುವುದಿಲ್ಲ. ಬಂಡಿಯು ನಿಂತಿರುವ ಕೊಟ್ಟಿಗೆಯ ಪಕ್ಕದಲ್ಲಿಯೇ ದನಗಳೂ, ಮಗ್ಗುಲಲ್ಲಿಯೇ ಹುಲ್ಲಿನ ಬಣವೆಯೂ ಇರುವ ನಮ್ಮ ಮನೆಗಳಲ್ಲಿ ಇದರಿಂದ ಆಗಬಹುದಾದ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡಿಯನ್ನು ಬಣವೆಯಿಂದ ದೂರ ನಿಲ್ಲಿಸಿ, ಬಹುದಿನ ಬಳಸದಿದ್ದಾಗ ಬ್ಯಾಟರಿಯ ಕೇಬಲನ್ನು ಬಿಚ್ಚಿಡಬೇಕು.

ಕಿಡಿಯನ್ನು ಪರೀಕ್ಷಿಸುವಾಗ ದಪ್ಪ ತಂತಿಯನ್ನು ಬರಿಗೈಯಲ್ಲಿ ಹಿಡಿಯಕೂಡದು. ರಬ್ಬರು ಹಿಡಿಯ ಇಕ್ಕಳದಿಂದ ಹಿಡಿದು, ತುದಿಯನ್ನು ಎಂಜಿನ್ನಿನ ಲೋಹದಿಂದ ೬ ಮಿಲಿಮೀಟರು ದೂರದಲ್ಲಿರಿಸಬೇಕು. ಕಾರ್ಬುರೇಟರಿನ ಮತ್ತು ಬಿಚ್ಚಿದ ಪ್ಲಗ್ಗಿನ ರಂಧ್ರಗಳ ಬಳಿ ಈ ಪರೀಕ್ಷೆಯನ್ನು ಮಾಡಕೂಡದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಎಂಜಿನ್ನಿನ ಹತ್ತಿರ ಬಾಗಲೇಕೂಡದು.

೧೧. ನೋಂದಣಿಯನ್ನು ಕುರಿತು

ಕೇಂದ್ರ ಸರ್ಕಾರವು ೨೦೨೧ರ ಜುಲೈ ತಿಂಗಳಲ್ಲಿ ಪ್ರಕಟಿಸಿದ ನಿಯಮದಂತೆ, ೫೦ ವರ್ಷಕ್ಕೆ ಮೀರಿದ, ಚಾಸಿ, ಮೈಕಟ್ಟು ಮತ್ತು ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಿಲ್ಲದ ಸ್ವಂತ ಬಂಡಿಯನ್ನು ವಿಂಟೇಜ್ ಬಂಡಿಯೆಂದು ನೋಂದಾಯಿಸಬಹುದು. ಅದರ ಸಂಖ್ಯೆಯಲ್ಲಿ ವಿ.ಎ. ಎಂಬ ಅಕ್ಷರಗಳು ಬರುವುವು. ಆದರೆ ಹಾಗೆ ನೋಂದಾಯಿಸಿದ ಬಂಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ತೋಟದ ಕೆಲಸಕ್ಕೆ ದಿನವೂ ಬೇಕಾದ ಜೀಪಿನ ಮಾಲೀಕರು ಇದನ್ನು ಯೋಚಿಸಿ ಮುಂದುವರಿಯತಕ್ಕದ್ದು. ಬಂಡಿಯಿಂದ ತೆಗೆದ ಮೂಲ ಕಾಯಿಲನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

೧೨. ಸಾರಾಂಶ

(೧) ಬಂಡಿಯ ವೋಲ್ಟೇಜನ್ನೂ ಅರ್ಥಿಂಗನ್ನೂ ನೋಡಿ ಬರೆದಿಟ್ಟುಕೊಳ್ಳಿರಿ.

(೨) ಕಾಯಿಲಿನ ಓಮನ್ನು ಅಳೆಯದೆ ಹಣ ಕೊಡಬೇಡಿರಿ. ಪಾಯಿಂಟುಗಳಿಗೆ ಸುಮಾರು ೪ ಆಂಪಿಯರ್ ಎಂಬ ಲೆಕ್ಕವನ್ನು ಮರೆಯಬೇಡಿರಿ.

(೩) ಬ್ಯಾಲಸ್ಟ್ ರೆಸಿಸ್ಟರ್ ಉಂಟೋ ಇಲ್ಲವೋ ವಿಚಾರಿಸಿರಿ, ಇದ್ದರೆ ಕಿತ್ತುಹಾಕಬೇಡಿರಿ.

(೪) ಧನ ಋಣಗಳನ್ನು ಅರ್ಥಿಂಗಿಗೆ ಸರಿಯಾಗಿ ಜೋಡಿಸಿರಿ. ಎಂಜಿನ್ನು ಓಡಿತೆಂಬುದು ಜೋಡಣೆ ಸರಿಯೆಂಬುದಕ್ಕೆ ಸಾಕ್ಷಿಯಲ್ಲ.

(೫) ಬ್ಯಾಟರಿ, ಪಾಯಿಂಟು, ಕಂಡೆನ್ಸರು, ಮುಚ್ಚಳ, ತಂತಿ ಇವುಗಳನ್ನು ನೋಡಿದ ಮೇಲೆಯೇ ಕಾಯಿಲನ್ನು ದೂರಿರಿ.

(೬) ಎಂಜಿನ್ನು ನಿಂತೊಡನೆ ಚಾವಿಯನ್ನು ತೆಗೆಯಿರಿ.

ಗ್ರಾಮ ಮುಖಂಡರು ಒಂದು ಮಲ್ಟಿಮೀಟರನ್ನೂ ಒಂದು ಪರೀಕ್ಷೆಯ ದೀಪವನ್ನೂ ಊರಿನ ಉಪಯೋಗಕ್ಕಾಗಿ ಇರಿಸಿ, ಆಸಕ್ತಿಯುಳ್ಳ ಯುವಕರಿಬ್ಬರಿಗೆ ಈ ಕರಪತ್ರವನ್ನು ಓದಿಸಿ ಬಂಡಿಯ ಮುಂದೆಯೇ ಅಭ್ಯಾಸ ಮಾಡಿಸಬೇಕೆಂದು ಕೋರಲಾಗಿದೆ. ಇಂಥ ಬಂಡಿಗಳ ರೀತಿಯನ್ನು ಬಲ್ಲ ಹಿರಿಯ ಮೆಕ್ಯಾನಿಕರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವರು. ಅವರು ಇರುವಾಗಲೇ ಅವರ ಬಳಿ ನಿಂತು ಕಲಿತ ವಿದ್ಯೆಯು, ಮಳೆಯ ರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ, ಕಾಯಿಲಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಫಲವನ್ನು ಕೊಡುವುದು.